ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಲೀನದ ಹೊತ್ತಿನಲ್ಲಿ ಪೈಲಟ್ ಯೂನಿಯನ್ನಿನ ಪಟ್ಟು

ಪ್ರಶ್ನೆ: ಅಮೆರಿಕದಲ್ಲಿ ಪೈಲಟ್‌ಗಳ ಮುಷ್ಕರ ಬಹಳ ಅಪರೂಪ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಎರಡು ವಿಮಾನ ಕಂಪನಿಗಳು ವಿಲೀನವಾಗುವಾಗ ಯೂನಿಯನ್ ಅಷ್ಟೊಂದು ಬಿಗಿಯಾಗಿ ಮಾತಾಡುವುದು ಯಾವ ಧೈರ್ಯದ ಮೇಲೆ? (ಯಲಹಂಕದ ಓದುಗರು)

ಅಪರೂಪವೇ. ಅಲ್ಲಿ ವಿಮಾನ ಸಿಬ್ಬಂದಿಗೆ ಅನ್ವಯಿಸುವುದು 1926ರ ರೈಲ್ವೆ ಲೇಬರ್ ಆಕ್ಟ್. 1936ರಲ್ಲಿ ವಿಮಾನ ಕಂಪನಿಗಳನ್ನೂ ಅದರೊಳಗೆ ಸೇರಿಸಿದರು. ಈ ಕಾನೂನಿನಡಿ ವೇತನ ಒಪ್ಪಂದದ ಗಡುವು ದಾಟಿದರೂ ಅದು ಸಾಯುವುದಿಲ್ಲ. ಹೊಸದಕ್ಕೆ ಸಹಿ ಬೀಳುವ ತನಕ ಹಳೆಯ ಸಂಬಳ, ಹಳೆಯ ಷರತ್ತುಗಳೇ ನಡೆಯುತ್ತವೆ. ಮಾತುಕತೆ ಕೆಟ್ಟರೆ ನ್ಯಾಷನಲ್ ಮೀಡಿಯೇಷನ್ ಬೋರ್ಡ್ ನಡುವೆ ಕೂರುತ್ತದೆ. ಅದು ‘ಇನ್ನು ನಮ್ಮಿಂದಾಗದು’ ಎಂದು ಕೈಬಿಟ್ಟ ಮೇಲೆ 30 ದಿನ ಕಾಯಬೇಕು. ಆಮೇಲೂ ಅಧ್ಯಕ್ಷರು ತುರ್ತು ಮಂಡಳಿ ನೇಮಿಸಿ ತಡೆಯಬಹುದು. 2010ರ ಜೂನ್‌ನಲ್ಲಿ ಸ್ಪಿರಿಟ್ ಏರ್‌ಲೈನ್ಸ್ ಪೈಲಟ್‌ಗಳು ಐದು ದಿನ ಮುಷ್ಕರ ಮಾಡಿದ್ದು ಇಷ್ಟೆಲ್ಲ ದಾಟಿದ ಮೇಲೆ.

ಆದರೆ ವಿಲೀನದಲ್ಲಿ ಕಂಪನಿಯ ಜುಟ್ಟು ಸಿಗುವುದು ಬೇರೆ ಕಡೆ. ಎರಡೂ ಕಡೆಯ ಪೈಲಟ್‌ಗಳಿಗೆ ಜಂಟಿ ಒಪ್ಪಂದ ಮತ್ತು ಒಂದೇ ಸೀನಿಯಾರಿಟಿ ಲಿಸ್ಟ್ (ಯಾರು ಹಿರಿಯರು, ಯಾರು ಕಿರಿಯರು ಎಂಬ ಕ್ರಮಪಟ್ಟಿ) ಆಗುವವರೆಗೆ ಒಂದು ಕಂಪನಿಯ ಪೈಲಟ್ ಇನ್ನೊಂದರ ವಿಮಾನ ಹಾರಿಸುವಂತಿಲ್ಲ. ಏರ್‌ಬಸ್ ಎ320ರ ಕ್ಯಾಪ್ಟನ್ ಬೆಳಗ್ಗೆ ಜ್ವರ ಅಂತ ಬಾರದೇ ಹೋದರು ಅನ್ನಿ. ಪಕ್ಕದ ಗೇಟಿನಲ್ಲೇ ಅದೇ ಎ320 ಹಾರಿಸುವ, ಇಂಥ ಹೊತ್ತಿಗೆಂದೇ ಇಟ್ಟುಕೊಂಡ ರಿಸರ್ವ್ ಕ್ಯಾಪ್ಟನ್ ಸಮವಸ್ತ್ರದಲ್ಲಿ ಕೂತಿದ್ದರೂ ಅವರು ‘ಆ ಕಡೆಯವರು’. ವಿಮಾನ ರದ್ದು. ಎರಡು ರಿಸರ್ವ್ ಪಡೆ, ಎರಡು ಶೆಡ್ಯೂಲಿಂಗ್ ವಿಭಾಗ, ಎರಡು ತರಬೇತಿ ವ್ಯವಸ್ಥೆ ಸಾಕಬೇಕು. ದೊಡ್ಡ ವಿಮಾನವನ್ನು ಸೀಟು ತುಂಬುವ ಮಾರ್ಗಕ್ಕೆ ಮನಬಂದಂತೆ ವರ್ಗಾಯಿಸಲೂ ಆಗದು. ಅಮೆರಿಕನ್ ಏರ್‌ಲೈನ್ಸ್ ಮತ್ತು ಯುಎಸ್ ಏರ್‌ವೇಸ್ 2013ರಲ್ಲಿ ವಿಲೀನದಿಂದ ಬರುವುದೆಂದು ಷೇರುದಾರರಿಗೆ ತೋರಿಸಿದ ಲಾಭ ವರ್ಷಕ್ಕೆ 100 ಕೋಟಿ ಡಾಲರಿಗೂ ಹೆಚ್ಚು. ಪೈಲಟ್‌ಗಳ ಸಹಿಯಿಲ್ಲದೆ ಅದರಲ್ಲಿ ದೊಡ್ಡ ಪಾಲು ಕಾಗದದ ಮೇಲೇ ಉಳಿಯುತ್ತದೆ.

ಪ್ರಶ್ನೆ: ದಿವಾಳಿಯಾದ ಕಂಪನಿಯ ಯೂನಿಯನ್ ಎದುರಾಳಿ ಕಂಪನಿಯ ಜೊತೆ ಸೇರಿ ತನ್ನ ಮ್ಯಾನೇಜ್‌ಮೆಂಟನ್ನೇ ಬದಲಿಸಿತಂತೆ. ನಿಜವೇ? (ಹುಬ್ಬಳ್ಳಿ)

ಬಹುಮಟ್ಟಿಗೆ ನಿಜ. ಅಮೆರಿಕನ್ ಏರ್‌ಲೈನ್ಸ್ 2011ರ ನವೆಂಬರ್ 29ರಂದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಪೈಲಟ್‌ಗಳಿಂದಲೇ ವರ್ಷಕ್ಕೆ 37 ಕೋಟಿ ಡಾಲರ್ ಉಳಿತಾಯ ಬೇಕೆಂದಿತು. ದಿವಾಳಿ ಕಾಯ್ದೆಯ 1113ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರ ಅನುಮತಿ ಸಿಕ್ಕರೆ ಒಪ್ಪಂದವನ್ನೇ ಕಿತ್ತುಹಾಕಬಹುದು. ಮೇಲ್ನೋಟಕ್ಕೆ ಯೂನಿಯನ್ ಕೈ ಖಾಲಿ.

ಹೆಚ್ಚಿನವರು ಗಮನಿಸದ ಸಂಗತಿ ಎಂದರೆ ಸಾಲಗಾರರ ಸಮಿತಿ, ಅಂದರೆ ಕಂಪನಿಯಿಂದ ಬಾಕಿ ಬರಬೇಕಾದವರ ಸಮಿತಿ. ಅದರ ಒಂಬತ್ತು ಕುರ್ಚಿಗಳಲ್ಲಿ ಮೂರು ಯೂನಿಯನ್‌ಗಳದ್ದು. ಪೈಲಟ್‌ಗಳ ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಅದರಲ್ಲೊಂದು. 2012ರ ಏಪ್ರಿಲ್‌ನಲ್ಲಿ ಈ ಮೂರೂ ಯೂನಿಯನ್‌ಗಳು ಎದುರಾಳಿ ಯುಎಸ್ ಏರ್‌ವೇಸ್‌ನ ಸಿಇಒ ಡಗ್ ಪಾರ್ಕರ್ ಜೊತೆ ‘ವಿಲೀನವಾದರೆ ಈ ಷರತ್ತು’ ಎಂದು ಮೊದಲೇ ಒಪ್ಪಂದ ಮಾಡಿಕೊಂಡವು. ಕಂಪನಿಯನ್ನು ಸ್ವತಂತ್ರವಾಗಿಯೇ ಉಳಿಸಲು ಹೊರಟಿದ್ದ ಅಮೆರಿಕನ್‌ನ ಸಿಇಒ ಟಾಮ್ ಹಾರ್ಟನ್‌ಗೆ ಇದು ದೊಡ್ಡ ಪೆಟ್ಟು. ಆಗಸ್ಟ್‌ನಲ್ಲಿ ಕಂಪನಿಯ ಕೊನೆಯ ಕೊಡುಗೆಯನ್ನು 61% ಪೈಲಟ್‌ಗಳು ತಿರಸ್ಕರಿಸಿದರು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಒಪ್ಪಂದ ರದ್ದತಿಗೆ ಅನುಮತಿ ಕೊಟ್ಟಿತು. ಆದರೂ ಡಿಸೆಂಬರ್‌ನಲ್ಲಿ 74% ಮತದಿಂದ ಪಾಸಾದ ಒಪ್ಪಂದದಲ್ಲಿ ಪೈಲಟ್‌ಗಳಿಗೆ ಪುನರ್‌ರಚಿತ ಕಂಪನಿಯ ಷೇರಿನಲ್ಲಿ 13.5% ಹಕ್ಕು ಸಿಕ್ಕಿತು. 2013ರ ಫೆಬ್ರವರಿಯಲ್ಲಿ ವಿಲೀನ ಘೋಷಣೆಯಾಯಿತು, ಅದು ಪೂರ್ತಿಯಾದಾಗ ಪಾರ್ಕರ್ ಸಿಇಒ ಆದರು.

ಪ್ರಶ್ನೆ: ವಿಲೀನಕ್ಕೆ ಮೊದಲು ಪಟ್ಟು ಹಿಡಿಯಬೇಕೋ, ಆದ ಮೇಲೋ?

ಮೊದಲು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಡೆಲ್ಟಾ–ನಾರ್ತ್‌ವೆಸ್ಟ್ ವಿಲೀನ 2008ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಜಂಟಿ ಒಪ್ಪಂದಕ್ಕೆ ಆಗಸ್ಟ್‌ನಲ್ಲೇ ಮಂಜೂರಾತಿ ಸಿಕ್ಕಿತ್ತು. ಡೆಲ್ಟಾ ಪೈಲಟ್‌ಗಳಿಗೆ 3.5%, ನಾರ್ತ್‌ವೆಸ್ಟ್‌ನವರಿಗೆ 2.38% ಷೇರು. ಸೀನಿಯಾರಿಟಿ ಲಿಸ್ಟ್ ಬಗ್ಗೆ ಎರಡು ಕಡೆಯವರೂ ಒಪ್ಪಿರಲಿಲ್ಲ. ಹಾಗಾಗಿ ಅದನ್ನು ಸಂಬಳದ ಮಾತಿನಿಂದ ಬೇರ್ಪಡಿಸಿ ಮಧ್ಯಸ್ಥಗಾರರಿಗೆ ಒಪ್ಪಿಸಿದರು. ಡಿಸೆಂಬರ್‌ಗೆ ಅದೂ ಮುಗಿಯಿತು. ಯುನೈಟೆಡ್–ಕಾಂಟಿನೆಂಟಲ್‌ನಲ್ಲಿ ವಿಲೀನ ಮುಗಿದದ್ದು 2010ರ ಅಕ್ಟೋಬರ್ 1ಕ್ಕೆ, ಒಪ್ಪಂದ ಬಂದದ್ದು 2012ರ ಡಿಸೆಂಬರ್‌ಗೆ, ಲಿಸ್ಟ್ 2013ಕ್ಕೆ. ವಿಲೀನದ ಕಾಗದ ಮುಗಿದ ಮೇಲೆ ಕಂಪನಿಗೆ ಅವಸರವಿಲ್ಲ. ಹಳೆಯ ಸಂಬಳವೇ ಅಗ್ಗ.

ಮೇಜಿನ ಮೇಲೆ ಇಡಬೇಕಾದ್ದು ಸಂಬಳ ಒಂದೇ ಅಲ್ಲ. ಸ್ಕೋಪ್ ಷರತ್ತು, ಅಂದರೆ ಕಂಪನಿಯ ಹೆಸರಿನಲ್ಲಿ ಹಾರುವ ಸಣ್ಣ ಜೆಟ್‌ಗಳನ್ನು ಹೊರಗಿನ ಅಗ್ಗದ ಪ್ರಾದೇಶಿಕ ಕಂಪನಿಗೆ ಎಷ್ಟು ಕೊಡಬಹುದು ಎಂಬುದು, ಮುಖ್ಯ. ದೊಡ್ಡ ಕಂಪನಿಗಳಲ್ಲಿ ಈಗ ಸಾಮಾನ್ಯವಾಗಿ 76 ಸೀಟಿಗೆ ಗೆರೆ ಎಳೆದಿರುತ್ತಾರೆ. ಕೊಂಡ ಕಂಪನಿಯೂ ಹಳೆಯ ಒಪ್ಪಂದಕ್ಕೆ ಬದ್ಧ ಎನ್ನುವ ಉತ್ತರಾಧಿಕಾರ ಷರತ್ತು ಇಲ್ಲದಿದ್ದರೆ ಉಳಿದದ್ದೆಲ್ಲ ನೀರಿನ ಮೇಲಿನ ಬರಹ.

ಪ್ರಶ್ನೆ: ಸೇರಿದ ತಾರೀಖಿನ ಪ್ರಕಾರ ಲಿಸ್ಟ್ ಮಾಡಿಬಿಟ್ಟರೆ ಜಗಳವೇ ಇಲ್ಲವಲ್ಲ?

ಜಗಳ ಅಲ್ಲೇ ಶುರು. ಪೈಲಟ್‌ಗೆ ಯಾವ ವಿಮಾನ, ಯಾವ ಊರು, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯ ಕೋ-ಪೈಲಟ್ ಸೀಟೋ, ದೀಪಾವಳಿಗೆ ರಜೆಯೋ ಅಲ್ಲವೋ, ಎಲ್ಲ ಆ ನಂಬರಿನ ಮೇಲೆ ನಿಂತಿದೆ. 2005ರಲ್ಲಿ ಯುಎಸ್ ಏರ್‌ವೇಸ್ (‘ಪೂರ್ವ’) ಮತ್ತು ಅಮೆರಿಕ ವೆಸ್ಟ್ (‘ಪಶ್ಚಿಮ’) ಸೇರಿದವು. ಯುಎಸ್ ಏರ್‌ವೇಸ್ ಎರಡನೇ ಸಲ ದಿವಾಳಿಯಲ್ಲಿತ್ತು, ಅದರ ಎಷ್ಟೋ ಪೈಲಟ್‌ಗಳು ಲೇಆಫ್‌ನಲ್ಲಿ ಮನೆಯಲ್ಲಿದ್ದರು. ಮಧ್ಯಸ್ಥಗಾರ ಜಾರ್ಜ್ ನಿಕೋಲಾವ್ 2007ರ ಮೇನಲ್ಲಿ ತೀರ್ಪು ಕೊಟ್ಟರು: ದೊಡ್ಡ ವಿಮಾನಗಳ ಕಾರಣಕ್ಕೆ ಪೂರ್ವದ 517 ಹಿರಿಯರು ಎಲ್ಲರ ಮೇಲೆ, ಲೇಆಫ್ ಆದವರು ಕೆಳಗೆ, ಏಕೆಂದರೆ ವಿಲೀನಕ್ಕೆ ಅವರು ತಂದ ಕೆಲಸವೇ ಇಲ್ಲ. ಸುಮಾರು 17 ವರ್ಷದ ಹಿಂದೆ ಸೇರಿದ ಪೂರ್ವದವರು, ಕೆಲವೇ ತಿಂಗಳ ಹಿಂದೆ ಸೇರಿದ ಪಶ್ಚಿಮದವರ ಸಾಲಿಗೆ ಬಂದು ನಿಂತರು.

ಸಂಖ್ಯೆಯಲ್ಲಿ ಹೆಚ್ಚಿದ್ದ ಪೂರ್ವದವರು 2008ರಲ್ಲಿ ಹಳೆಯ ಯೂನಿಯನ್ನನ್ನೇ ಮತ ಹಾಕಿ ಹೊರದಬ್ಬಿ ಹೊಸದು ಕಟ್ಟಿದರು. ಫಲ? ಜಂಟಿ ಒಪ್ಪಂದವೇ ಆಗಲಿಲ್ಲ. ಪೂರ್ವದವರು 2004ರ ದಿವಾಳಿ ಕಾಲದ ಸಂಬಳದಲ್ಲೇ 2013ರ ಅಮೆರಿಕನ್ ವಿಲೀನದ ತನಕ ಕೊಳೆತರು. ಮ್ಯಾನೇಜ್‌ಮೆಂಟ್ ಏನೂ ಮಾಡಬೇಕಿರಲಿಲ್ಲ, ಕಾಯುತ್ತಾ ಕೂತರೆ ಸಾಕಿತ್ತು. ಪೂರ್ವ, ಪಶ್ಚಿಮ, ಅಮೆರಿಕನ್ ಮೂರೂ ಗುಂಪುಗಳ ಒಂದೇ ಲಿಸ್ಟ್ ಹೊರಬಂದದ್ದು 2016ರಲ್ಲಿ.

2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕೊಂಡ ಟಿಡಬ್ಲ್ಯುಎ ಎಂಬ ವಿಮಾನ ಕಂಪನಿಯ ಪೈಲಟ್‌ಗಳ ಬಹುಪಾಲು ಮಂದಿಯನ್ನು ಲಿಸ್ಟಿನ ತಳಕ್ಕೆ ಅಂಟಿಸಿದ್ದರು. ಅದರ ನಂತರ 2007ರಲ್ಲಿ ಬಂದ ಮೆಕ್ಯಾಸ್ಕಿಲ್–ಬಾಂಡ್ ಕಾನೂನು, ನ್ಯಾಯಸಮ್ಮತ ಹೊಂದಾಣಿಕೆ ಮಾಡಿ, ಆಗದಿದ್ದರೆ ಮಧ್ಯಸ್ಥಿಕೆಗೆ ಹೋಗಿ ಎನ್ನುತ್ತದೆ. ಸೂತ್ರವನ್ನು ಮಾತ್ರ ಹೇಳುವುದಿಲ್ಲ.

ಪ್ರಶ್ನೆ: ಎಲ್ಲರೂ ಒಟ್ಟಿಗೆ ಸಿಕ್ ಲೀವ್ ಹಾಕಿದರೆ?

ಬೇಡ. 1999ರ ಫೆಬ್ರವರಿಯಲ್ಲಿ ರೀನೋ ಏರ್ ಖರೀದಿಯ ವಿಚಾರಕ್ಕೆ ಅಮೆರಿಕನ್ ಪೈಲಟ್‌ಗಳು ಹಾಗೆ ಮಾಡಿದರು. 6,000ಕ್ಕೂ ಹೆಚ್ಚು ವಿಮಾನ ರದ್ದಾದವು. ಕೋರ್ಟಿನ ಆದೇಶ ಮೀರಿದ್ದಕ್ಕೆ ಯೂನಿಯನ್ ತಲೆ ಮೇಲೆ ಬಿದ್ದ ಪರಿಹಾರದ ಮೊತ್ತ 4.55 ಕೋಟಿ ಡಾಲರ್.

ಪ್ರಶ್ನೆ: ನಮ್ಮ ಏರ್ ಇಂಡಿಯಾದಲ್ಲಿ ಇದೆಲ್ಲ ಏಕೆ ನಡೆಯಲಿಲ್ಲ? (ಮಂಗಳೂರು)

ಏಕೆಂದರೆ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಅನ್ನು ಸರ್ಕಾರ ಮೊದಲು ಒಂದು ಮಾಡಿತು, ಸಂಬಳ–ಬಡ್ತಿಯ ಲೆಕ್ಕ ಆಮೇಲೆ ಎಂದಿತು. ಪೈಲಟ್‌ಗಳು ಎರಡು ಸಂಘಗಳಲ್ಲಿ ಹಂಚಿಹೋಗಿದ್ದರು. 2011ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯವರು ಸಮಾನ ವೇತನಕ್ಕೆ ಹತ್ತು ದಿನ ಮುಷ್ಕರ ಮಾಡಿದರು. 2012ರಲ್ಲಿ ಏರ್ ಇಂಡಿಯಾ ಕಡೆಯವರು, ಬೋಯಿಂಗ್ 787ರ ತರಬೇತಿ ಆ ಕಡೆಯವರಿಗೂ ಸಿಗುತ್ತದೆಂದು 58 ದಿನ ಮಾಡಿದರು; ಸಂಘದ ಮಾನ್ಯತೆ ಹೋಯಿತು, ನೂರರಷ್ಟು ಮಂದಿ ವಜಾ ಆದರು. ಒಂದು ಸಂಘ ಬೀದಿಗಿಳಿದಾಗ ಇನ್ನೊಂದು ವಿಮಾನ ಹಾರಿಸುತ್ತಿದ್ದರೆ ಪಟ್ಟು ಎಲ್ಲಿಂದ ಬಂತು?

ವಿಸ್ತಾರಾ ವಿಲೀನದ ಮುನ್ನ 2024ರ ಏಪ್ರಿಲ್‌ನಲ್ಲಿ ತಕರಾರು ಎದ್ದದ್ದು ಇನ್ನೂ ಸರಳ ಲೆಕ್ಕಕ್ಕೆ: ತಿಂಗಳಿಗೆ 70 ಗಂಟೆಯ ಖಚಿತ ಸಂಬಳ 40 ಗಂಟೆಗೆ ಇಳಿಯಿತು, ಮಿಕ್ಕದ್ದು ಹಾರಿದರೆ ಮಾತ್ರ. ಪೈಲಟ್‌ಗಳು ಬಾರದೆ ಕಂಪನಿ ಹಾರಾಟವನ್ನು ಸುಮಾರು 10% ಕಡಿತ ಮಾಡಬೇಕಾಯಿತು. ಆದರೆ ಬೇಸತ್ತು ಕೆಲಸ ಬಿಡುತ್ತೇನೆಂದರೆ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್ ಇದೆ. ಹೊಸ ಸಂಬಳದ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಆ ಖಚಿತ ಗಂಟೆಗಳ ಸಾಲನ್ನು, ಗಂಟೆಯ ದರವನ್ನಲ್ಲ.