ಕನ್ನಡ ಮೀಡಿಯಂನಿಂದ ಬಂದ ನರ್ಸಿಂಗ್ ವಿದ್ಯಾರ್ಥಿ ಇಂಗ್ಲಿಷ್ ಹೆದರಿಕೆ ಬಿಡುವುದು ಹೇಗೆ?

ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿದ್ದೇನೆ, ಡಾಕ್ಟರ ಮುಂದೆ ಇಂಗ್ಲಿಷ್ ಬಾಯಿಗೇ ಬರುವುದಿಲ್ಲ ಎಂದು ಕೇಳಿದ್ದೀರಿ. ಗ್ರಾಮರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಮಾತಿಗೊಂದು ಕ್ರಮ ಇರಲಿ. ಅದಕ್ಕೆ ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಎಂಬ ಪದ್ಧತಿ ಇದೆ: ಈಗ ಏನಾಗಿದೆ, ಹಿಂದೆ ಏನಿತ್ತು, ನೀವು ನೋಡಿದ್ದೇನು, ಏನು ಬೇಕು. 'ಬೆಡ್ 4, ಬ್ರೆತ್‌ಲೆಸ್. ಆಸ್ತಮಾ ಪೇಷಂಟ್. ಸ್ಯಾಚುರೇಶನ್ 88. ಪ್ಲೀಸ್ ಕಮ್ ನೌ.' ಈ ತುಂಡು ಮಾತೇ ಸಾಕು (ಸ್ಯಾಚುರೇಶನ್ ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ).

ಯಾರಾದರೂ ಬಾಯಿಮಾತಿನಲ್ಲಿ ಡೋಸ್ ಹೇಳಿದರೆ ಸ್ಟಾಫ್ ನರ್ಸ್‌ರನ್ನು ಜೊತೆಗೆ ಕರೆಯಿರಿ, ಬರೆದುಕೊಂಡು ತಿರುಗಿ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಎರಡೂ ಕಿವಿಗೆ ಒಂದೇ ಥರ ಬೀಳುತ್ತವೆ. 'ಒನ್ ಫೈವ್' ಎಂದು ಅಂಕಿ ಬಿಡಿಸಿ ಕೇಳಿ. ಅರ್ಥವಾಗದೆ ಸುಮ್ನೆ 'ಎಸ್ ಸರ್' ಅನ್ನಲೇಬೇಡಿ, ಅದರಲ್ಲಿ ಒಂದು ಜೀವ ಇದೆ.

ಇನ್ನು, ನಿಮ್ಮ ಕನ್ನಡವೇ ದೊಡ್ಡ ಬಲ. ಮಾನ್ವಿ ಕಡೆಯ ಅಜ್ಜಿ 'ದಮ್ಮು ಹತ್ಯದ' ಅಂದರೆ ನಿಮಗೆ ತಕ್ಷಣ ತಿಳಿಯುತ್ತದೆ, ಅಲ್ವಾ? ಅದರ ಮುಂದೆ 'ಬ್ರೆತ್‌ಲೆಸ್‌ನೆಸ್' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. 'ಹೊಟ್ಟಿ ಕಡಿಲಿಕತ್ತದ' ಅಂದರೆ 'ಅಬ್ಡಾಮಿನಲ್ ಕ್ರ್ಯಾಂಪ್ಸ್'. ದಿನಕ್ಕೆ ಐದು ಮಾತು ಸಾಕು. ರಾತ್ರಿ ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್‌ಗೆ ಒಂದು ಹ್ಯಾಂಡೋವರ್, ಅಂದರೆ ಡ್ಯೂಟಿ ಬದಲಾಗುವಾಗ ಮುಂದಿನ ನರ್ಸ್‌ಗೆ ಕೊಡುವ ಪೇಷಂಟ್ ವರದಿ, ಜೋರಾಗಿ ಹೇಳಿ ನೋಡಿ.