ವಾಹನ ಪ್ರಶ್ನೋತ್ತರ: ಬಾನೆಟ್ ಮೇಲಿನ ಬಲೆಗೆರೆ

ಪ್ರ: ನಮ್ಮದು ಕಪ್ಪು ಕಾರು, ಕೊಂಡು ಎರಡು ವರ್ಷವಾಯಿತು. ರಾತ್ರಿ ಪೆಟ್ರೋಲ್ ಪಂಪಿನ ದೀಪದಡಿ ನಿಂತರೆ ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೆರೆಗಳು. ಅಂಗಡಿಯಲ್ಲಿ ರಬ್ಬಿಂಗ್, ಪಾಲಿಶ್ ಮಾಡಿಸಿದಾಗ ಹೋದವು. ನಾಲ್ಕು ಸಲ ತೊಳೆದ ಮೇಲೆ ಮತ್ತೆ ಬಂದಿವೆ. ಮನೆಯಲ್ಲೇ ತೆಗೆಯಬಹುದೇ?
(ಓದುಗರು, ಡೊಂಬಿವಲಿ)

ಉ: ಆ ಗೆರೆಗಳು ಹೋಗೇ ಇರಲಿಲ್ಲ. ಹಚ್ಚಿದ ಪಾಲಿಶ್‌ನಲ್ಲಿದ್ದ ಎಣ್ಣೆ, ಮೇಣ ಗೆರೆಗಳೊಳಗೆ ತುಂಬಿಕೊಂಡು ಮುಚ್ಚಿಟ್ಟವು; ಶಾಂಪೂ ಬಿದ್ದಂತೆಲ್ಲ ತೊಳೆದುಹೋದವು. ಇನ್ನು ಯಾರಲ್ಲಿ ಮಾಡಿಸಿದರೂ ಒಂದು ಭಾಗ ಮುಗಿದ ಕೂಡಲೇ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿಗೆ 600 ಮಿ.ಲೀ. ನೀರು ಬೆರೆಸಿ ಸಿಂಪಡಿಸಿ ಒರೆಸಿ, ಟಾರ್ಚ್ ಹಿಡಿದು ನೋಡಿ. ಆಗಲೂ ಕಾಣದಿದ್ದರೆ ಮಾತ್ರ ದುಡ್ಡು ಕೊಡಿ.

ಗೆರೆಗಳು ಸುತ್ತು ಸುತ್ತಾಗಿ ಕಂಡರೂ ನಿಜದಲ್ಲಿ ಅಡ್ಡಾದಿಡ್ಡಿ. ದೀಪಕ್ಕೆ ಅಡ್ಡಲಾಗಿ ಬಿದ್ದವಷ್ಟೇ ಮಿಂಚುವುದರಿಂದ ವೃತ್ತದಂತೆ ತೋರುತ್ತವೆ. ಟಾರ್ಚ್ ಸರಿಸಿದರೆ ವೃತ್ತವೂ ಸರಿಯುತ್ತದೆ. ಬಹುಪಾಲು ಗೆರೆಗಳಿಗೆ ಕಾರಣ ಸೊಸೈಟಿಯಲ್ಲಿ ಬೆಳಿಗ್ಗೆ ಗಾಡಿ ಒರೆಸುವವರ ಒಂದು ಬಕೆಟ್, ಒಂದು ಬಟ್ಟೆ. ಹತ್ತು ಗಾಡಿಗಳ ಮಣ್ಣು ಅದೇ ಬಟ್ಟೆಯಲ್ಲಿರುತ್ತದೆ. ಆ ಒರೆಸಾಟ ನಿಲ್ಲಿಸದೆ ಪಾಲಿಶ್ ಮಾಡಿದರೆ ತಿಂಗಳೊಳಗೆ ಮತ್ತೆ ಅದೇ ಗತಿ. ಬೇಕಿದ್ದರೆ ಅವರಿಗೆ ಸಂಬಳ ಕೊಡುತ್ತಲೇ ಗಾಜು, ಚಕ್ರ ಮಾತ್ರ ಒರೆಸಲು ಹೇಳಿ.

ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವ ಗೀರನ್ನು ಪಾಲಿಶ್‌ಗೆ ಒಡ್ಡಬೇಡಿ. ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್‌ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮಾತ್ರ. ಪಾಲಿಶ್ ಎಂದರೆ ಅದನ್ನೇ ಸ್ವಲ್ಪ ಸವೆಸಿ ಗೆರೆಯ ತಳಕ್ಕೆ ತರುವುದು, ಸವೆದದ್ದು ಮತ್ತೆ ಬರುವುದಿಲ್ಲ.

ಮನೆಯಲ್ಲೇ ಮಾಡಬಹುದು, ಕೆಲಸ ಹೀಗೆ: ತೊಳೆದು ಒಣಗಿಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿ. ತರಿತರಿಯೆನಿಸಿದರೆ, ರೈಲು ಹಳಿಯ ಬದಿ ನಿಲ್ಲಿಸುವ ಗಾಡಿಗಳಲ್ಲಿ ಅನಿಸಿಯೇ ಅನಿಸುತ್ತದೆ, ಮೊದಲು ಅಂಟಿದ ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್, ಆಮೇಲೆ ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಉಳಿದ ತರಿ ಎತ್ತುವ ಮೆತ್ತನೆ ಜೇಡಿಯಂಥ ಕ್ಲೇ ಬಾರ್ ಆಡಿಸಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ರಬ್ಬರ್, ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಪಾಲಿಶ್ ಯಂತ್ರ, ಪ್ಯಾಡ್ ಸುತ್ತುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್‌ನದೇ ಇರಲಿ. ಒಂದೇ ಕಡೆ ಸುತ್ತುವ ರೋಟರಿ, ಪಳಗದ ಕೈಯಲ್ಲಿ ಅಂಚಿನ ಬಣ್ಣ ಸುಡುತ್ತದೆ; ಪಳಗಿದವರೂ ಅವಸರಪಟ್ಟರೆ ಬಿಸಿಲಲ್ಲಿ ಅಲೆ ಅಲೆಯಾಗಿ ಕಾಣುವ ಹೊಲೊಗ್ರಾಂ ಉಳಿಯುತ್ತದೆ.

5 ಇಂಚಿನ ಮೃದು ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್‌ನಿಂದ ಶುರು ಮಾಡಿ. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ, ಒಮ್ಮೆಗೆ 45 ಸೆಂ.ಮೀ. ಚೌಕ. 1ನೇ ವೇಗದಲ್ಲಿ ಹರಡಿ, 4–5ಕ್ಕೆ ಏರಿಸಿ, ಸೆಕೆಂಡಿಗೆ ಸುಮಾರು ಒಂದು ಇಂಚು ಚಲಿಸುತ್ತ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಒಟ್ಟು ನಾಲ್ಕರಿಂದ ಆರು ಸಲ. ಪ್ರತಿ ಸಾಲು ಹಿಂದಿನದರ ಅರ್ಧವನ್ನು ಮುಚ್ಚಬೇಕು. ಪ್ಯಾಡಿನ ಹಿಂಬದಿಯ ತಟ್ಟೆಗೆ ಮಾರ್ಕರಿನಿಂದ ಒಂದು ಗೀಟು ಹಾಕಿಕೊಳ್ಳಿ: ಗೀಟು ಸುತ್ತುತ್ತಿಲ್ಲವೆಂದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ ಅಥವಾ ಪ್ಯಾಡ್ ಓರೆಯಾಗಿದೆ, ಬರೀ ನಡುಗುತ್ತಿದೆ, ಕೆಲಸ ಮಾಡುತ್ತಿಲ್ಲ. ಒರೆಸಿ, ಆಲ್ಕೋಹಾಲ್ ನೀರು ಹಾಕಿ ನೋಡಿ. ಮುಕ್ಕಾಲು ಪಾಲು ಹೋಗಿದ್ದರೆ ಅದೇ ಜೋಡಿಯಲ್ಲಿ ಇಡೀ ಗಾಡಿ ಮುಗಿಸಿ. ಸಾಲದಿದ್ದರೆ ಮಾತ್ರ ಗಟ್ಟಿ ಪ್ಯಾಡ್, ಅದೂ ಸಾಲದಿದ್ದರೆ ಪಾಲಿಶ್‌ಗಿಂತ ಒರಟಾಗಿ ಸವೆಸುವ ಕಾಂಪೌಂಡ್. ಕಪ್ಪು ಬಣ್ಣದ ಮೇಲೆ ಕಾಂಪೌಂಡ್ ತನ್ನದೇ ಮಬ್ಬು ಬಿಡುವುದರಿಂದ ಕೊನೆಗೆ ಮೃದು ಪ್ಯಾಡ್ ಬೇಕೇಬೇಕು. ಒಂದು ಗಾಡಿಗೆ ನಾಲ್ಕರಿಂದ ಆರು ಪ್ಯಾಡ್ ಇಟ್ಟುಕೊಳ್ಳಿ, ಒಂದೊಂದು ಚೌಕ ಮುಗಿದಂತೆ ಬ್ರಷ್‌ನಿಂದ ಪ್ಯಾಡ್ ಕೆರೆಯಿರಿ. ಅಂತ್ಯಕ್ಕೆ ರಕ್ಷಣೆಗೆ ಮೇಣ ಅಥವಾ ಸೀಲೆಂಟ್ (ಕೃತಕ ಲೇಪ).

ಪ್ರ: ಹಳೆಯ ಕೆಂಪು ಗಾಡಿಗೆ ಡಿ.ಎ. (ಡ್ಯುಯಲ್ ಆ್ಯಕ್ಷನ್) ಯಂತ್ರದಿಂದ ಪಾಲಿಶ್ ಮಾಡುತ್ತಿದ್ದೇನೆ. ಎರಡು ನಿಮಿಷಕ್ಕೇ ಒಣಗಿ ಪುಡಿ ಹಾರುತ್ತದೆ. ಪ್ಯಾಡ್ ಕೆಂಪಾಗುತ್ತಿದೆ. ಬಣ್ಣ ಕಿತ್ತು ಬರುತ್ತಿದೆಯೇ?
(ಓದುಗರು, ಚಿಂಚ್‌ವಾಡ, ಪುಣೆ)

ಉ: ಹಳೆಯ ಸಾಲಿಡ್ (ಮಿನುಗು ಬೆರೆಸದ) ಬಣ್ಣಗಳಿಗೆ ಮೇಲೆ ಕ್ಲಿಯರ್‌ಕೋಟ್ ಇಲ್ಲದಿರಬಹುದು. ಹಾಗಿದ್ದರೆ ಪ್ಯಾಡಿಗೆ ಬಣ್ಣ ಹತ್ತುವುದು ಸಹಜ. ಬಾಗಿಲಿನ ಒಳ ಅಂಚಿನಲ್ಲಿ ಬಿಳಿ ಬಟ್ಟೆಗೆ ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಅಲ್ಲೂ ಕೆಂಪಾದರೆ ಅದು ಒಂಟಿ ಪದರದ ಬಣ್ಣ, ಹಗುರ ಕೈಯಲ್ಲಿ ಮುಂದುವರಿಸಿ. ಅಲ್ಲಿ ಕೆಂಪಾಗದೆ ಬಾನೆಟ್‌ನ ಒಂದು ಜಾಗದಲ್ಲಷ್ಟೇ ಕೆಂಪಾದರೆ ಅಲ್ಲಿ ಕ್ಲಿಯರ್‌ಕೋಟ್ ತೂತಾಗಿದೆ. ತಕ್ಷಣ ನಿಲ್ಲಿಸಿ. ಅದಕ್ಕೆ ಪೇಂಟರೇ ಗತಿ.

ಒಣಗುವುದು ಬೇರೆ ವಿಷಯ. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣಗಾಳಿಯಲ್ಲಿ, ಕೈ ಇಡಲಾಗದಷ್ಟು ಕಾದ ತಗಡಿನ ಮೇಲೆ ಯಾವ ಪಾಲಿಶೂ ನಿಲ್ಲುವುದಿಲ್ಲ. ನೆರಳಿನಲ್ಲಿ, ಬೆಳಿಗ್ಗೆ ಮಾಡಿ, ಚೌಕ ಚಿಕ್ಕದಾಗಲಿ, ಪ್ಯಾಡಿಗೆ ಒಂದೇ ಒಂದು ಸಿಂಪಡಿಕೆ ನೀರು ಕೊಡಿ. ಪಾಲಿಶ್ ಹೆಚ್ಚು ಸುರಿದರೂ ಪುಡಿ ಹೆಚ್ಚುತ್ತದೆ.

ಪ್ರ: ಬಂದರಿನ ಕಲ್ಲಿದ್ದಲ ಪುಡಿ ದಿನಾ ಗಾಡಿ ಮೇಲೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ?
(ಓದುಗರು, ವಾಸ್ಕೊ, ಗೋವಾ)

ಉ: ಬೇಡ. ಮೈಕ್ರೋಫೈಬರ್ ಆಗಲಿ, ಗರಿಯ ಡಸ್ಟರ್ ಆಗಲಿ, ಕರಿಪುಡಿಯನ್ನು ಬಣ್ಣದ ಮೇಲೆ ಎಳೆದಾಡುತ್ತದೆ. ಮೊದಲು ಮೇಲಿನಿಂದ ನೀರು ಬಿಟ್ಟು ಪುಡಿ ಹರಿದುಹೋಗಲಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ತೊಳೆಯುವ ಕೈಗವಸು ಜಾಲಾಡಲು ಬರೀ ನೀರು. ನೀರಿಗೆ ತಾಪತ್ರಯವಿದ್ದರೆ, ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ವಾಶ್ ಬಳಸಿ, ಅಳತೆ ಬಾಟಲಿಯ ಮೇಲಿರುತ್ತದೆ. ಅದನ್ನು ಮೊದಲು ಇಡೀ ಭಾಗಕ್ಕೆ ಸಿಂಪಡಿಸಿ ಒಂದು ನಿಮಿಷ ನೆನೆಯಲು ಬಿಡಿ. ಎಂಟು ಬಟ್ಟೆ ನೆನೆಸಿಟ್ಟುಕೊಂಡು, ಮಡಿಕೆ ತಿರುಗಿಸುತ್ತ ಒರೆಸಿ. ಕೊಳೆಯಾದದ್ದು ಮತ್ತೆ ಬಕೆಟ್‌ಗೆ ಹೋಗಬಾರದು. ಪುಡಿ ದಪ್ಪನಾಗಿ ಕೂತಿದ್ದರೆ ಇದೂ ಬೇಡ, ನೀರೇ ಬೇಕು. ಎರಡಕ್ಕೂ ಬಿಡುವಿಲ್ಲದ ದಿನ ಗಾಡಿ ಕೊಳೆಯಾಗಿಯೇ ಇರಲಿ, ಅದರಿಂದ ಗೆರೆ ಬೀಳುವುದಿಲ್ಲ.

ಪ್ರ: ಟೂತ್‌ಪೇಸ್ಟ್ ಉಜ್ಜಿದರೆ ಗೆರೆ ಹೋಗುತ್ತದಂತೆ, ಹೌದೇ? ಸೆರಾಮಿಕ್ ಕೋಟಿಂಗ್?
(ಓದುಗರು, ಠಾಣೆ)

ಉ: ಟೂತ್‌ಪೇಸ್ಟಿನ ಅಪಘರ್ಷಕ ಹಲ್ಲಿಗೆ ಮಾಡಿದ್ದು, ಕಪ್ಪು ಬಣ್ಣದ ಮೇಲೆ ಮಬ್ಬು ತೇಪೆ ಉಳಿಸುತ್ತದೆ. ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚುವ ಗಟ್ಟಿ ಪಾರದರ್ಶಕ ಲೇಪ, ಗೆರೆ ತೆಗೆಯುವುದಿಲ್ಲ, ಕೆಳಗಿರುವುದನ್ನು ಹಾಗೇ ಉಳಿಸುತ್ತದೆ. ಮೊದಲು ಪಾಲಿಶ್, ಆಮೇಲೆ ಕೋಟಿಂಗ್. ಜಾಹೀರಾತಿನ 9ಎಚ್ ಎನ್ನುವುದು ಪೆನ್ಸಿಲ್ ಗಡಸಿನ ಪರೀಕ್ಷೆಯ ಅಂಕ, ಕೊಳಕು ಬಟ್ಟೆಯ ಮರಳನ್ನು ಅದು ತಡೆಯುವುದಿಲ್ಲ.