ಪ್ರಶ್ನೆ: ಅಪ್ಪನ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿದ್ದೇನೆ. ಹಾರ್ಡ್ ಡಿಸ್ಕ್‌ನಲ್ಲಿಡುವುದು ಒಳ್ಳೆಯದೋ, ಕ್ಲೌಡ್‌ನಲ್ಲೋ? ಕ್ಯಾಸೆಟ್‌ಗಳನ್ನು ಇನ್ನು ಎಸೆಯಬಹುದೇ?
ಉತ್ತರ: ಎಸೆಯಬೇಡಿ. ಉಳಿದದ್ದು ಆಮೇಲೆ.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ 86 ಕ್ಯಾಸೆಟ್‌ಗಳಿದ್ದವು. ಅಪ್ಪ ರೇಡಿಯೊದಿಂದ ಹಿಡಿದಿಟ್ಟ ಕಛೇರಿಗಳು, ಗಣೇಶೋತ್ಸವದ ಗಾಯನಗಳು, ಅವುಗಳ ನಡುವೆ ಅಮ್ಮ ಶುಕ್ರವಾರ ಹಾಡುತ್ತಿದ್ದ ಆರತಿ ಹಾಡುಗಳ ಎರಡು ಕ್ಯಾಸೆಟ್. ಧಾರವಾಡದ ಕಡೆಯ ಆ ಧಾಟಿ ಈಗ ನಮ್ಮಲ್ಲಿ ಯಾರಿಗೂ ಬಾರದು.

ಒಂದು ಚಳಿಗಾಲವಿಡೀ ಕುಳಿತು ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಇಳಿಸಿದೆ. ಸಿಡಿ ಗುಣಮಟ್ಟದ ವೇವ್ ಕಡತವೆಂದರೆ ನಿಮಿಷಕ್ಕೆ ಸುಮಾರು 10 ಎಂಬಿ. 90 ನಿಮಿಷದ ಕ್ಯಾಸೆಟ್ ಒಂದು ಜಿಬಿಯ ಹತ್ತಿರ ಹೋಗುತ್ತದೆ. ಜಾಗ ಸಾಲದೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ಲ್ಯಾಪ್‌ಟಾಪ್‌ನಿಂದ ಅಳಿಸಿದೆ. ಆ ಡಿಸ್ಕ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದೆ. ಕಡತಗಳನ್ನು ಎಣಿಸಿದೆ, ಸರಿಯಿತ್ತು. ಗಾತ್ರ ನೋಡಿದೆ, ಒಂದು ಬೈಟ್ ವ್ಯತ್ಯಾಸವಿಲ್ಲ. ಪ್ರತಿಯೊಂದರ ಮೊದಲ ಅರ್ಧ ನಿಮಿಷ ಕೇಳಿ, ಕ್ಯಾಸೆಟ್‌ಗಳನ್ನು ಗುಜರಿಯವನಿಗೆ ಕೊಟ್ಟೆ.

ಎರಡು ವರ್ಷದ ನಂತರ ತಂಗಿಯ ಮಗಳ ಮದುವೆಗೆ ಅಮ್ಮನ ಹಾಡು ಹಾಕಿದೆವು. ಹದಿನೇಳನೆಯ ನಿಮಿಷದಿಂದ ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಟಪಟ ಸದ್ದು. ಅದರಡಿಯಲ್ಲೆಲ್ಲೋ ಅಮ್ಮನ ದನಿ. ಎರಡನೆಯ ಡಿಸ್ಕ್‌ನಲ್ಲೂ ಅದೇ ನಿಮಿಷ, ಅದೇ ಸದ್ದು. ಲ್ಯಾಪ್‌ಟಾಪ್ ತೋರಿಸಿದಾಗ, ಕಾಪಿಯಾಗುವ ಕಡತವೆಲ್ಲ ಹಾದುಹೋಗುವ ಅದರ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್ ಕೆಟ್ಟಿರುವುದು ತಿಳಿಯಿತು. ಮೊದಲ ಕಾಪಿಯಲ್ಲೇ ಹಾಡು ಹಾಳಾಗಿತ್ತು, ಎರಡನೆಯದು ಹಾಳಾದದ್ದರ ನಕಲು.

ಗಾತ್ರವನ್ನು ನಂಬಿದ್ದೇ ನನ್ನ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು. ಪುಟ ಎಣಿಸಿದರೆ ಪುಸ್ತಕದಲ್ಲಿ ಅಕ್ಷರ ಅಳಿಸಿದ್ದು ತಿಳಿಯುವುದಿಲ್ಲ. ಅಳಿಸಿದ ಮೇಲೂ ಪುಟ ಅಷ್ಟೇ ಇರುತ್ತದೆ. ಕಡತವೂ ಹಾಗೆಯೇ: ಒಳಗಿನ ಸೊನ್ನೆ, ಒಂದು ಎಂಬ ಬಿಟ್‌ಗಳು ಬದಲಾದರೂ ಗಾತ್ರ ಬದಲಾಗುವುದಿಲ್ಲ. ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರ ಇಡೀ ಕಡತವನ್ನು ಓದಿ 64 ಅಕ್ಷರಗಳ ಗುರುತು ಕೊಡುತ್ತದೆ. ಒಳಗೆ ಒಂದೇ ಬಿಟ್ ತಿರುಗಿದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಇಳಿಸಿದ ದಿನವೇ ಗುರುತು ಬರೆದಿಟ್ಟು, ಕಾಪಿಯ ಗುರುತಿಗೆ ಹೋಲಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅಂದು ಕ್ಯಾಸೆಟ್ ಇನ್ನೂ ಮೇಜಿನ ಮೇಲಿತ್ತು.

ಆದ್ದರಿಂದ ಡಿಸ್ಕೋ ಕ್ಲೌಡೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಟ್ಟ ಕಡತವನ್ನು ಕ್ಲೌಡ್ ಕೂಡ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಮೊದಲು ಪ್ರತಿ ಕ್ಯಾಸೆಟ್ಟಿನ ಕಡತವನ್ನೂ ಕೊನೆಯವರೆಗೆ ಕೇಳಿ; ಕೇಳದೆ ಕೆಟ್ಟ ಕಡತದ ಗುರುತನ್ನೇ ಬರೆದಿಟ್ಟರೆ ಅದೂ ಎಂದೆಂದಿಗೂ ಸರಿಯಾಗಿಯೇ ಹೊಂದುತ್ತದೆ. ಆಮೇಲೆ ಫ್ಲ್ಯಾಕ್ ಎಂಬ ಕಡತದ ರೂಪಕ್ಕೆ ಬದಲಾಯಿಸಿ. ಧ್ವನಿಯಲ್ಲಿ ಏನೂ ನಷ್ಟವಾಗದೆ ಗಾತ್ರ ಸುಮಾರು ಅರ್ಧಕ್ಕಿಳಿಯುತ್ತದೆ, ಧ್ವನಿಯ ಗುರುತನ್ನೂ ಅದು ತನ್ನೊಳಗೇ ಇಟ್ಟುಕೊಳ್ಳುವುದರಿಂದ ಯಾವಾಗ ಬೇಕಾದರೂ ಪರೀಕ್ಷಿಸಬಹುದು. ಎಂಪಿ3 ಮೊಬೈಲ್‌ನಲ್ಲಿ ಕೇಳಲು ಮಾತ್ರ ಸಾಕು.

ಒಂದು ಪ್ರತಿ ಬೇರೆ ಊರಿನಲ್ಲಿರಲಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತು. ಅಂಥ ನೀರು ಒಳಗೆ ಬಂದರೆ ಒಂದೇ ಕಪಾಟಿನ ಎರಡೂ ಡಿಸ್ಕ್‌ಗಳು ಒಟ್ಟಿಗೇ ಮುಳುಗುತ್ತವೆ. ನನ್ನದೊಂದು ಪುಣೆಯಲ್ಲಿ ತಂಗಿಯ ಮನೆಯಲ್ಲಿದೆ. ಅವಳು ಪ್ರತಿ ದೀಪಾವಳಿಗೆ ಗುರುತುಗಳನ್ನು ತಾಳೆ ನೋಡಿ ಫೋನ್ ಮಾಡುತ್ತಾಳೆ.

ಕ್ಯಾಸೆಟ್‌ಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಡಿ, ಇಲ್ಲದಿದ್ದರೆ ಮುಂಬಯಿಯ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಹಿಂದಂಚಿನ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಇಂದೇ ಮುರಿದುಬಿಡಿ. ಆಮೇಲೆ ಯಾರ ಕೈ ತಪ್ಪಿ ರೆಕಾರ್ಡ್ ಗುಂಡಿಗೆ ಹೋದರೂ ಅದು ಒತ್ತಿಕೊಳ್ಳುವುದಿಲ್ಲ.